ಯೋಜನೆಯೂ ಯೋಜನವೂ

ಕನ್ನಡ ಪಾಠ ಹೇಳುವವನಿಗೆ ಹುಟ್ಟೂರಿನಲ್ಲಿ ಒಂದು ಉದ್ಯೋಗ ತಾನಾಗಿ ಅಂಟಿಕೊಳ್ಳುತ್ತದೆ: ಅರ್ಜಿ ಬರೆದುಕೊಡುವುದು. ಪಂಪ ರನ್ನರನ್ನು ಓದಿದವನು ಒಂದು ಅರ್ಜಿ ಬರೆಯಲಾರನೇ ಎಂಬುದು ನಮ್ಮೂರಿನವರ ನಂಬಿಕೆ. ಕಳೆದ ಬೇಸಗೆ ರಜೆಯಲ್ಲಿ ಮಲೆನಾಡಿನ ಆ ಊರಿಗೆ ಹೋದಾಗ ದೊಡ್ಡಪ್ಪನವರು ಜಗಲಿಯ ಮೇಲೆ ನಾಲ್ವರನ್ನು ಕೂರಿಸಿಕೊಂಡು ನನಗಾಗಿಯೇ ಕಾದಿದ್ದರು. ಊರಿನ ಆರೋಗ್ಯ ಉಪಕೇಂದ್ರವನ್ನು ಎತ್ತಿ, ಹಳ್ಳದ ಆಚೆ ಟಾರು ರಸ್ತೆಯ ಮೇಲಿರುವ ಇನ್ನೊಂದು ಊರಿಗೆ ಒಯ್ಯುವ ಪ್ರಸ್ತಾಪವಿದೆಯಂತೆ. ‘ಮರುಹೊಂದಾಣಿಕೆ’ ಎಂದು ಕಾಗದದಲ್ಲಿ ಅದರ ಹೆಸರು. ಅದಾಗಕೂಡದು, ಓದಿದವರ ಎದೆ ಕರಗುವ ಹಾಗೆ ಒಂದು ಅರ್ಜಿ ಆಗಬೇಕು.

ಎದೆ ಕರಗಿಸಲು ನನ್ನಲ್ಲಿ ಸಾಮಗ್ರಿಗೆ ಕೊರತೆಯಿರಲಿಲ್ಲ. ದೇಶದಲ್ಲಿ ಸಾರ್ವತ್ರಿಕ ಲಸಿಕೆಯ ಕಾರ್ಯಕ್ರಮ ಮೊದಲಾದದ್ದು 1985ರಲ್ಲಿ. ಅದಾದ ಎರಡು ಮೂರು ವರ್ಷಕ್ಕೆ, ನಾನು ಆರೇಳು ವರ್ಷದವನಿದ್ದಾಗ, ಆಷಾಢದ ಮಳೆಯಲ್ಲಿ ನರ್ಸಮ್ಮ ಅಡಕೆ ಮರದ ಸಂಕ ದಾಟಿ ಬರುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಲಸಿಕೆಯ ಪೆಟ್ಟಿಗೆ. ಹಿಡಿಗಳು ಹಿಡಿಯಲು ಮೂರನೆಯ ಕೈಯಿಲ್ಲ. ಕೊಡೆಯನ್ನು ಮಡಿಸಿ ಕಂಕುಳಲ್ಲಿಟ್ಟು, ತೊಯ್ಯುತ್ತ ದಾಟುತ್ತಿದ್ದರು. ಪೆಟ್ಟಿಗೆಯನ್ನು ಮಾತ್ರ ಬಿಟ್ಟವರಲ್ಲ. ಅದಕ್ಕೂ ಹಿಂದಿನ ಕಾಲದ ಸಂಗತಿಯೊಂದನ್ನು ಅಜ್ಜಿ ಹೇಳುತ್ತಿದ್ದರು. ಹೆರಿಗೆ ಕಷ್ಟವಾದ ಅವರ ತಂಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಹಳ್ಳದ ದಂಡೆಗೆ ತಂದರಂತೆ; ನೀರು ಇಳಿಯಲೆಂದು ಇರುಳೆಲ್ಲ ಕಾದರಂತೆ. ನೀರು ಇಳಿಯುವ ಹೊತ್ತಿಗೆ ಜೋಲಿಯನ್ನು ಮನೆಗೇ ತಿರುಗಿಸಬೇಕಾಯಿತು.

ಇಷ್ಟನ್ನು ಬರೆದರೆ ಸಾಕಾಗಿತ್ತು. ಆದರೆ ಎದುರು ಪಕ್ಷದ ಮಾತನ್ನು ಕೇಳದೆ ವಕಾಲತ್ತು ಹಿಡಿಯುವುದು ಸರಿಯಲ್ಲವೆನಿಸಿ, ಇಲಾಖೆಯಲ್ಲಿ ಕೆಲಸಕ್ಕಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕಂಡೆ. ಅವನು ಲೆಕ್ಕ ಬಿಚ್ಚಿಟ್ಟ. ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ. ಗುಡ್ಡಗಾಡಿನಲ್ಲಿ 3,000ಕ್ಕೆ ಒಂದು. ನಮ್ಮ ಕಡೆ ಜನ ಮೂರು ಸಾವಿರದ ಹತ್ತಿರಕ್ಕೂ ಬರುವುದಿಲ್ಲ. ಆಚೆಯ ಊರಿನಲ್ಲಿ ಅದನ್ನು ಮೀರಿ ಜನರಿದ್ದಾರೆ. ಅವರಿಗೆ ಹತ್ತಿರದಲ್ಲಿ ಕೇಂದ್ರವಿಲ್ಲ. “ಅಲ್ಲಿ ಅಷ್ಟು ಜನ ಯಾರಪ್ಪ?” ಎಂದೆ. “ತೋಟದ ಲೈನಿನವರು ಸಾರ್. ಅಸ್ಸಾಮಿನವರು, ರಾಯಚೂರು ಕಡೆಯವರು. ಹೆಚ್ಚಿನವರು ಪ್ರಾಯದವರು, ಹೆರಿಗೆಗಳೂ ಅಲ್ಲೇ ಹೆಚ್ಚು.”

ಅಲ್ಲಿಗೆ ನನ್ನ ಲೇಖನಿ ನಿಂತಿತು.

ಸಾಹಿತ್ಯದ ಮಂದಿಗೆ ಅಂಕಿಸಂಖ್ಯೆಗಳನ್ನು ಕಂಡರೆ ಒಂದು ಬಗೆಯ ತಾತ್ಸಾರ. ಸಂಖ್ಯೆಗೆ ಹೃದಯವಿಲ್ಲ ಎಂದು ಬಿಟ್ಟರೆ ನಮ್ಮ ಕೆಲಸ ಮುಗಿಯಿತು. ನಾನೂ ತರಗತಿಯಲ್ಲಿ ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸಿದವನೇ. ಆದರೆ ಯೋಚಿಸಿ ನೋಡಿ: ನಮ್ಮೂರಿಗೆ ಆ ನರ್ಸಮ್ಮ ಬಂದದ್ದು ಯಾರ ಹೃದಯ ಕರಗಿ? ನಮ್ಮಲ್ಲಿ ಶಾಸಕರಿರಲಿಲ್ಲ, ಸಾಹುಕಾರರಿರಲಿಲ್ಲ. ಸರ್ ಜೋಸೆಫ್ ಭೋರರ ಸಮಿತಿ 1946ರಲ್ಲಿ ವರದಿಯನ್ನು ಒಪ್ಪಿಸಿದಾಗ, 40,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂದು ಮೊದಲ ಹಂತಕ್ಕೆ ಲೆಕ್ಕ ಹಾಕಿತು; ಹಣ ತೆರಲಾರದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದೂ ಹೇಳಿತು. ಆ ಎರಡು ಮಾತುಗಳೂ ಒಂದೇ ಮಾತು. ಗಟ್ಟಿದನಿಯವರ ಊರಿಗೆ ಹೋಗುವ ಆಸ್ಪತ್ರೆಯನ್ನು ದನಿಯಿಲ್ಲದವರ ಊರಿಗೂ ಎಳೆದು ತಂದದ್ದು ಲೆಕ್ಕ. ಅದರ ಉಪಕಾರವನ್ನು ಉಂಡು ಬೆಳೆದವನು ನಾನು. ಈಗ ಅದೇ ಲೆಕ್ಕ ಇನ್ನೊಬ್ಬರತ್ತ ಕೈ ತೋರಿಸಿದಾಗ ಅದನ್ನು ಹೃದಯಹೀನವೆಂದು ಜರೆಯಲು ನನಗೇನು ಅಧಿಕಾರ? ಲೈನಿನ ಆ ಹೆಂಗಸರಿಗೆ ಅರ್ಜಿ ಬರೆದುಕೊಡಲು ಕನ್ನಡ ಮೇಷ್ಟರಿಲ್ಲ. ಅವರಲ್ಲಿ ಎಷ್ಟೋ ಮಂದಿಗೆ ಕನ್ನಡವೇ ಇಲ್ಲ. ಅವರ ಪರವಾಗಿ ಇರುವ ಅರ್ಜಿ ಆ ರಿಜಿಸ್ಟರಿನ ಸಂಖ್ಯೆಯೊಂದೇ.

ಹಾಗೆಂದು ಲೆಕ್ಕಕ್ಕೆ ಪೂರ್ತಿ ಶರಣಾಗುವುದೂ ಸಾಧ್ಯವಾಗಲಿಲ್ಲ. ನಮ್ಮೂರಿನಲ್ಲಿ ಜನ ಕಡಿಮೆಯಾದದ್ದು ಏಕೆ? ಪ್ರಾಯದವರೆಲ್ಲ ಬೆಂಗಳೂರು ಸೇರಿದರು. ಕಳೆದುಹೋದ ಆ ತಲೆಗಳಲ್ಲಿ ನನ್ನದೂ ಒಂದು. ಉಳಿದವರು ಎಪ್ಪತ್ತರ ಆಚೀಚಿನವರು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವು. ತಲೆಗಳು ಕಡಿಮೆಯಾದಂತೆ ಅಗತ್ಯ ಕಡಿಮೆಯಾಗಲಿಲ್ಲ. ವೇಲ್ಸಿನ ಗಣಿಗಳ ನಡುವೆ ಬಡವರಿಗೆ ಮದ್ದು ಕೊಡುತ್ತಿದ್ದ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಇಂಥದೇ ಒಂದು ಮಾತನ್ನು ಬರೆದ: ಎಲ್ಲಿ ಅಗತ್ಯ ಹೆಚ್ಚೋ ಅಲ್ಲಿ ಒಳ್ಳೆಯ ಚಿಕಿತ್ಸೆ ಕಡಿಮೆ, ಎರಡೂ ತಲೆಕೆಳಗಾಗಿ ಹೊಂದಿಕೊಂಡಿವೆ. ಆದರೆ ಆ ಮಾತನ್ನು ನಾನು ನಮ್ಮ ಮುದುಕರ ಪರವಾಗಿ ಎತ್ತಲೇ, ಲೈನಿನ ಬಸುರಿಯರ ಪರವಾಗಿ ಎತ್ತಲೇ? ಇಬ್ಬರಿಗೂ ಅದು ಸಲ್ಲುತ್ತದೆ. ಇಬ್ಬರಿಗೂ ಇರುವುದು ಒಬ್ಬಳೇ ನರ್ಸಮ್ಮ.

ಇಲ್ಲಿ ಮೇಷ್ಟರ ಚಪಲವೊಂದನ್ನು ಓದುಗರು ಕ್ಷಮಿಸಬೇಕು. ಯೋಜನೆ ಎಂಬ ಮಾತೂ, ಹನುಮಂತನು ಹಾರಿದ ನೂರು ಯೋಜನದ ಯೋಜನವೂ ಒಂದೇ ಧಾತುವಿನ ಮಕ್ಕಳು. ಒಂದು ಏರ್ಪಾಡು, ಇನ್ನೊಂದು ದೂರದ ಅಳತೆ. ನಮ್ಮ ಕಚೇರಿಗಳಲ್ಲಿ ಅಣ್ಣನಿಗೆ ಮಣೆ ಹಾಕಿ ತಮ್ಮನನ್ನು ಮರೆತಿದ್ದಾರೆ. ಪೂರ್ತಿ ಮರೆತಿಲ್ಲ ಎನ್ನಬೇಕು. ಬಯಲಿಗೆ 5,000, ಗುಡ್ಡಕ್ಕೆ 3,000 ಎಂದು ಬರೆದವರು ಗುಡ್ಡದ ಮೈಲಿಯೂ ಬಯಲಿನ ಮೈಲಿಯೂ ಒಂದಲ್ಲವೆಂದು ಬಲ್ಲವರೇ. ಆದರೆ ಬೇಸಗೆಯ ಮೈಲಿ ಬೇರೆ, ಶ್ರಾವಣದ ಮೈಲಿ ಬೇರೆ. ಇಪ್ಪತ್ತರ ಕಾಲಿನ ಮೈಲಿ ಬೇರೆ, ಎಪ್ಪತ್ತರ ಕಾಲಿನದು ಬೇರೆ. ಆಚೆಯ ಊರು ನಮ್ಮಲ್ಲಿಂದ ಎರಡೇ ಮೈಲಿ. ಹಳ್ಳ ಉಕ್ಕಿದರೆ ಸುತ್ತುದಾರಿಯಲ್ಲಿ ಹನ್ನೊಂದು.

ಎರಡು ದಿನ ತಿಣುಕಿ ಅರ್ಜಿ ಬರೆದೆ. ಕೇಂದ್ರವನ್ನು ಆಚೆಗೆ ಒಯ್ಯಬೇಡಿ ಎಂದು ಬರೆಯಲಿಲ್ಲ. ಮಳೆಗಾಲದ ನಾಲ್ಕು ತಿಂಗಳು ವಾರಕ್ಕೆ ಎರಡು ದಿನ ಹಳೆಯ ಕಟ್ಟಡದಲ್ಲಿ ನರ್ಸಮ್ಮ ಕೂರಬೇಕು. ಹಳ್ಳ ಏರುವ ಮೊದಲೇ ನಿತ್ಯದ ಮಾತ್ರೆಗಳನ್ನು ನಾಲ್ಕು ತಿಂಗಳಿಗಾಗುವಷ್ಟು ಕೊಟ್ಟಿರಬೇಕು. ಲೈನಿನವರ ಭಾಷೆ ಬಲ್ಲವರೊಬ್ಬರನ್ನು ಹೊಸ ಕೇಂದ್ರದಲ್ಲಿ ಇಡಬೇಕು. ಮೂರನೆಯದನ್ನು ಯಾರೂ ನನಗೆ ಹೇಳಿರಲಿಲ್ಲ. ಎದೆ ಕರಗಿಸುವ ವಾಕ್ಯ ಒಂದೂ ಇರಲಿಲ್ಲ. ಜೋಲಿಯ ಕಥೆಯನ್ನೂ ಬಿಟ್ಟೆ.

ದೊಡ್ಡಪ್ಪನವರು ಕನ್ನಡಕ ಏರಿಸಿ ಎರಡು ಸಲ ಓದಿದರು. “ಕೇಂದ್ರ ಇಲ್ಲೇ ಉಳಿಯಲಿ ಅಂತ ಎಲ್ಲಿ ಬರೆದಿದೀಯ?” ಎಂದರು. ಬರೆದಿಲ್ಲ ಎಂದೆ. ಅವರು ಅಡಕೆ ಕತ್ತರಿಸುತ್ತ ಬಹಳ ಹೊತ್ತು ಸುಮ್ಮನಿದ್ದು, “ಪೇಟೆ ಸೇರಿದವನಿಗೆ ನ್ಯಾಯ ಸುಲಭ” ಎಂದರು. ಆ ಮಾತಿಗೆ ನನ್ನಲ್ಲಿ ಆಗ ಉತ್ತರವಿರಲಿಲ್ಲ, ಈಗಲೂ ಇಲ್ಲ. ಉಳಿದ ನಾಲ್ವರಲ್ಲಿ ಮೂವರು ಸಹಿ ಹಾಕಿದರು. ದೊಡ್ಡಪ್ಪ ಹಾಕಲಿಲ್ಲ. ಮರುದಿನ ನನ್ನನ್ನು ಬಸ್ಸಿಗೆ ಕಳಿಸಲು ಸಂಕದ ತನಕ ಬಂದು, ತಮ್ಮ ಮಾತ್ರೆಯ ಖಾಲಿ ಹಾಳೆಯನ್ನು ನನ್ನ ಅಂಗಿಯ ಜೇಬಿಗೆ ತುರುಕಿ, ಮಳೆ ಹಿಡಿಯುವುದರೊಳಗೆ ಇಂಥದು ನಾಲ್ಕು ತಿಂಗಳಿಗಾಗುವಷ್ಟು ಕಳಿಸು ಎಂದರು.