ಅಡವಿಯ ಜೇನು ಯಾರದು?

ಸಂತೆಯಲ್ಲಿ ಒಂದು ಶೀಶೆ ಜೇನನ್ನು ಕೊಳ್ಳುವಾಗ ನಾವು ಅದರ ಕ್ರಯವನ್ನು ಕೇಳುತ್ತೇವೆ. ಶುದ್ಧವೋ, ಬೆಲ್ಲದ ಪಾಕ ಬೆರೆತದ್ದೋ ಎಂದು ಬೆರಳದ್ದಿ ನೋಡುತ್ತೇವೆ. ಆದರೆ ಇದನ್ನು ಕಿತ್ತವನು ಯಾರು, ಈ ಕ್ರಯದಲ್ಲಿ ಅವನ ಕೈಗೆ ಸೇರಿದ್ದೆಷ್ಟು ಎಂಬದಾಗಿ ವಿಚಾರಿಸುವವರು ವಿರಳ. ಈ ಚಿಕ್ಕ ಪ್ರಶ್ನೆಯೊಳಗೆ ಒಂದು ದೊಡ್ಡ ಪ್ರಶ್ನೆ ಅಡಗಿರುತ್ತದೆ. ಅಡವಿಯ ನಿವಾಸಿಗಳಿಗೆ ನಾವು ಮಾಡುವ ಸಹಾಯವು ದಾನವೋ, ಇಲ್ಲವೆ ಅವರದನ್ನು ಅವರಿಗೆ ಬಿಟ್ಟುಕೊಡುವ ನ್ಯಾಯವೋ? ಇದನ್ನು ನಮ್ಮ ನಾಡಿನದೇ ಒಂದು ದೃಷ್ಟಾಂತದಿಂದ ಆಲೋಚಿಸೋಣ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಗಳಲ್ಲಿ ಸೋಲಿಗರೆಂಬ ಜನರು ಪೂರ್ವಕಾಲದಿಂದ ವಾಸಿಸುತ್ತಾರೆ. ಅವರ ಹಾಡಿಗಳಿಗೆ ಪೋಡು ಎಂದು ಹೆಸರು. ಹಿಂದೆ ಅವರು ಅಡವಿಯೊಳಗೆ ಸ್ಥಳದಿಂದ ಸ್ಥಳಕ್ಕೆ ಹೋಗಿ ರಾಗಿ ಮೊದಲಾದವುಗಳನ್ನು ಬೆಳೆಯುತ್ತಿದ್ದರು. ನೆಲ್ಲಿ, ಸೀಗೆ, ಅಂಟುವಾಳಗಳನ್ನು ಕೂಡಿಸುತ್ತಿದ್ದರು. ಎತ್ತರವಾದ ಮರಗಳನ್ನೂ ಬಂಡೆಗಳನ್ನೂ ಹತ್ತಿ ಹೆಜ್ಜೇನನ್ನು ಕೀಳುತ್ತಿದ್ದರು. 1974ರಲ್ಲಿ ಆ ಬೆಟ್ಟಗಳು ವನ್ಯಜೀವಿಧಾಮವಾದವು. ಹುಲಿ, ಆನೆಗಳನ್ನು ಕಾಪಾಡುವದು ಒಳ್ಳೆಯ ಕಾರ್ಯವೇ. ಆದಾಗ್ಯೂ ಉಳುಮೆ ನಿಂತುಹೋದ ಜನರಿಗೆ ಅಡವಿಯ ಕಿರು ಉತ್ಪನ್ನವೇ ಮುಖ್ಯ ಆಧಾರವಾಯಿತು. ಲ್ಯಾಂಪ್ಸ್ ಎಂಬ ಆದಿವಾಸಿ ಸಹಕಾರ ಸಂಘಗಳು ಅದನ್ನು ಅವರಿಂದ ಕೊಂಡು ವ್ಯಾಪಾರಿಗಳಿಗೆ ಮಾರುತ್ತಿದ್ದವು. 1990ರ ದಶಕದಲ್ಲಿ ಜೇನನ್ನು ಸೋಸಿ ತುಂಬುವ, ನೆಲ್ಲಿಕಾಯಿಯನ್ನು ಉಪ್ಪಿನಕಾಯಿ ಮಾಡುವ ಕೆಲಸವು ಬೆಟ್ಟದಲ್ಲಿಯೇ ಆರಂಭವಾಯಿತು. ಯಾಕಂದರೆ ಕಾಯಿಯನ್ನು ಹಾಗೆಯೇ ಮಾರಿದವನಿಗೆ ಸ್ವಲ್ಪವೂ, ಅದನ್ನು ಹಸನು ಮಾಡಿ ಮಾರಿದವನಿಗೆ ಹೆಚ್ಚೂ ದೊರೆಯುವದು ಲೋಕರೂಢಿಯಷ್ಟೆ.

ಹೀಗಿರಲಾಗಿ, ವನ್ಯಜೀವಿ ಕಾನೂನಿಗೆ 2002ರಲ್ಲಿ ಆದ ತಿದ್ದುಪಡಿಯ ತರುವಾಯ ಮಾರಾಟಕ್ಕಾಗಿ ಅಡವಿಯ ಉತ್ಪನ್ನವನ್ನು ಕೂಡಿಸಕೂಡದೆಂದು ನಿಷೇಧವುಂಟಾಯಿತು. ಒಂದು ಕಾಗದದಿಂದ ನೂರಾರು ಮನೆಗಳ ಸಂಪಾದನೆ ನಿಂತಿತು. ಬಳಿಕ 2006ರಲ್ಲಿ ಅರಣ್ಯ ಹಕ್ಕುಗಳ ಕಾನೂನು ಆಗಿ, ಅಡವಿಯಲ್ಲಿ ಪರಂಪರೆಯಿಂದ ಜೀವಿಸುವವರಿಗೆ ಕಿರು ಉತ್ಪನ್ನದ ಒಡೆತನವುಂಟೆಂದು ಅದರಲ್ಲಿ ಒಪ್ಪಲ್ಪಟ್ಟಿತು. 2011ರ ಆರಂಭದಲ್ಲಿ ಆ ಬೆಟ್ಟಗಳು ಹುಲಿ ಸಂರಕ್ಷಿತ ಪ್ರದೇಶವಾದವು. ಅದೇ ವರುಷದ ಅಕ್ಟೋಬರದಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತವು.

ಇಲ್ಲಿ ನಾವು ಗಮನಿಸತಕ್ಕದ್ದೇನು? ಉಪ್ಪಿನಕಾಯಿ ಮಾಡುವ ವಿದ್ಯೆಯೂ ಪಾತ್ರೆಯೂ ಇದ್ದಾಗ್ಯೂ, ಕಾಯಿಯ ಮೇಲೆ ಹಕ್ಕಿಲ್ಲದ ಕಾರಣ ಎಲ್ಲವೂ ವ್ಯರ್ಥವಾಗುವದುಂಟು. ಕಂಬಳಿಯನ್ನೂ ಅಕ್ಕಿಯನ್ನೂ ಕೊಡುವದು ಸುಲಭ. ಕೊಟ್ಟವನಿಗೆ ಹೊಗಳಿಕೆಯೂ ಬರುತ್ತದೆ. ಆದರೆ ಲೆಕ್ಕದ ಪುಸ್ತಕವನ್ನು ಅವರ ಕೈಗೆ ಕೊಡುವದೂ, ಕ್ರಯವನ್ನು ಅವರ ಬಾಯಿಂದ ಕೇಳುವದೂ, ಇಂಥ ಮರವನ್ನು ಈ ವರುಷ ಮುಟ್ಟಬಾರದೆಂಬ ಅವರ ತೀರ್ಪಿಗೆ ಒಪ್ಪುವದೂ ಕಷ್ಟ. ಯಾಕಂದರೆ ಆಗ ಅವರು ನಮ್ಮ ಮುಂದೆ ಬೇಡುವವರಾಗಿ ಅಲ್ಲ, ಸಮಾನರಾಗಿ ನಿಲ್ಲುವರು.

ಕೆಲವರು ಹೀಗೆ ಆಕ್ಷೇಪಿಸುವರು: ಹಕ್ಕು ಕೊಟ್ಟರೆ ಅವರು ಅಡವಿಯನ್ನೇ ಬರಿದು ಮಾಡಲಾರರೇ? ಈ ಭಯವನ್ನು ನಾವು ಹಗುರವಾಗಿ ಎಣಿಸಬಾರದು. ಆಸೆಯು ಗುಡಿಸಲಲ್ಲಿಯೂ ಹುಟ್ಟುವದುಂಟು. ಆದರೆ ತುಳುನಾಡಿನ ಹಿರಿಯರು ಚಾಲಗೇಣಿಯ ಕಾಲದಲ್ಲಿ ಕಂಡದ್ದನ್ನು ನೆನಸೋಣ. ಬರುವ ವರುಷ ಒಡೆಯನು ಹೊರಡಿಸುವನೋ ಎಂದು ಅಂಜುವ ಒಕ್ಕಲು ಆ ನೆಲದಲ್ಲಿ ತೆಂಗಿನ ಸಸಿ ನೆಡುವನೇ? ಮೂಲಗೇಣಿಯವನಾದರೋ ಮೊಮ್ಮಕ್ಕಳಿಗಾಗಿ ನೆಡುವನು. ಹಾಗೆಯೇ, ನಾಳೆ ಬಾಗಲು ಮುಚ್ಚೀತೆಂಬ ಭಯವಿದ್ದವನು ಇಂದೇ ಕೊಂಬೆ ಮುರಿದು ಕಾಯಿ ಕೀಳುವನು. ಸ್ಥಿರವಾದ ಹಕ್ಕಿದ್ದವನು ಮರವನ್ನು ಉಳಿಸುವನು. ಆದ್ದರಿಂದ ಹಕ್ಕು ಅಡವಿಗೆ ವೈರಿಯಲ್ಲ, ಅನಿಶ್ಚಯವೇ ವೈರಿಯು.

ಇನ್ನೊಂದು ಸಂಗತಿಯೂ ಉಂಟು. ಅಡವಿಯನ್ನು ಕಾಯುವ ತಿಳುವಳಿಕೆ ಪಟ್ಟಣದ ಶಾಲೆಗಳಲ್ಲಿ ಮಾತ್ರ ಇರುವದಿಲ್ಲ. ಸೋಲಿಗರು ಹಿಂದೆ ಬೇಸಿಗೆಯ ಮೊದಲಲ್ಲಿ ಒಣಗಿದ ಎಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದನ್ನು ತರಗು ಬೆಂಕಿ ಅನ್ನುತ್ತಾರೆ. ಆ ಪದ್ಧತಿಯನ್ನು ತಡೆದ ಬಳಿಕ ಪರದೇಶದಿಂದ ಬಂದ ಲಂಟಾನ ಗಿಡವು ಬೆಟ್ಟವನ್ನೆಲ್ಲಾ ಮುಸುಕಿತೆಂದೂ, ನೆಲ್ಲಿಮರಗಳ ಮೇಲೆ ಉಪ್ಪಿಲು ಎಂಬ ಬದನಿಕೆ ಹೆಚ್ಚಿತೆಂದೂ ಅವರ ಹಿರಿಯರು ಹೇಳುತ್ತಾರೆ. ಶಾಸ್ತ್ರಜ್ಞರೂ ಈಗ ಈ ಮಾತನ್ನು ಗಮನಿಸಿ ಪರೀಕ್ಷಿಸಿದ್ದಾರೆ. ನೆರೆಯ ಮಲೆಮಹದೇಶ್ವರ ಬೆಟ್ಟದಲ್ಲಿ ಅದೇ ಲಂಟಾನವನ್ನು ಕಡಿದು, ಬೇಯಿಸಿ, ತೊಗಟೆ ತೆಗೆದು, ಕುರ್ಚಿ ಬುಟ್ಟಿಗಳನ್ನು ಮಾಡಿ ಮಾರುವ ಕೈಕಸಬನ್ನು ಆದಿವಾಸಿಗಳು ಕಲಿತುಕೊಂಡಿದ್ದಾರೆ. ಅಡವಿಯ ಕಂಟಕವಾದದ್ದು ಬಡವನ ಅನ್ನವಾಯಿತು.

ಹೊಲದ ಅಂಚಿನ ತೆನೆಗಳನ್ನು ಕೊಯ್ಯದೆ ಬಡವರಿಗೂ ಪರದೇಶಿಗೂ ಬಿಡಬೇಕೆಂಬ ಪುರಾತನ ಆಜ್ಞೆಯನ್ನು ನಾವೆಲ್ಲರೂ ಬಲ್ಲೆವು. ಆ ತೆನೆಗಳು ಒಡೆಯನ ಔದಾರ್ಯವಾಗಿರಲಿಲ್ಲ. ಅವು ಬಡವರ ಪಾಲೇ ಆಗಿದ್ದವು. ಸೋಲಿಗ ಹಿರಿಯರ ಮಾತಿನಲ್ಲಿಯೂ ಇಂಥದೇ ಒಂದು ನಡತೆ ಕಾಣುತ್ತದೆ. ಜೇನು ಕೀಳುವಾಗ ಒಂದು ಪಾಲನ್ನು ಅವರು ಹುಲಿಗಾಗಿ ನೆಲದ ಮೇಲೆ ಬಿಡುತ್ತಾರೆ. ನೊಣಗಳು ಕಚ್ಚುವದರಿಂದ ಅದು ತಾನಾಗಿ ಕೀಳಲಾರದಂತೆ. ಹುಲಿಗೂ ಪಾಲಿಡುವ ಜನರಿಗೆ ನಾವು ಎಷ್ಟು ಪಾಲನ್ನು ಬಿಟ್ಟಿದ್ದೇವೆ?

ಪ್ರಿಯರೇ, ಕಾನೂನು ಬರೆಯುವ ಅಧಿಕಾರವು ನಮಗಿಲ್ಲ. ಆದರೆ ಸಂತೆಗೆ ಹೋಗುವವರು ನಾವೇ. ನಮ್ಮ ಸಮೀಪದಲ್ಲಿ ಸೋಲಿಗರಿರಲಿ, ಕೊರಗರಿರಲಿ, ಜೇನುಕುರುಬರಿರಲಿ, ಅವರು ಬುಟ್ಟಿಯನ್ನೋ ಜೇನನ್ನೋ ತಂದಾಗ ನಾಲ್ಕು ಕಾಸಿಗಾಗಿ ಜಗ್ಗಾಡದಿರೋಣ. ತಕ್ಕಡಿಯನ್ನು ನೆಟ್ಟಗೆ ಹಿಡಿಯೋಣ. ಅವರ ಸಂಘವಿದ್ದರೆ ದಲ್ಲಾಳಿಯನ್ನು ಬಿಟ್ಟು ಅದರಿಂದಲೇ ಕೊಳ್ಳೋಣ. ಗ್ರಾಮಸಭೆಯಲ್ಲಿ ಅವರು ಎದ್ದು ನಿಂತು ಮಾತಾಡುವಾಗ ನಗದೆ ಕಿವಿಗೊಡೋಣ. ದಾನವನ್ನು ನಾವು ಮನಸ್ಸಿದ್ದಾಗ ಕೊಡಬಹುದು. ನ್ಯಾಯವಾದರೋ ತಡಮಾಡಬಾರದ ಸಾಲವಾಗಿದೆ.