ಅರಳಿಕಟ್ಟೆಗೂ ಗರಗಸ ಬೇಕು

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ಮರಗಳಿಗೆ ಎರಡು ಬಗೆಯ ಬಾಳಿದೆ. ಅರಳಿಕಟ್ಟೆಯ ಮರದ ಮೈ ಮುಟ್ಟುವವರಿಲ್ಲ. ಕೊಂಬೆ ಒಣಗಿ ಜೋತುಬಿದ್ದಿರಲಿ, ಕಾಂಡದಲ್ಲಿ ಪೊಟರೆಯಾಗಿ ಗೆದ್ದಲು ಹತ್ತಿರಲಿ, ಕತ್ತಿ ತಾಗಿಸಿದರೆ ಮನೆತನಕ್ಕೆ ಆಗಿಬರುವುದಿಲ್ಲ ಎಂಬ ಅಂಜಿಕೆ. ಅದೇ ಊರಿನ ಬದುವಿನ ಬೇವನ್ನು ಮೇಕೆಯ ಸೊಪ್ಪಿಗೆಂದು ಬೋಳಿಸುವಾಗ, ಕರೆಂಟಿನ ತಂತಿಗೆ ತಾಗುತ್ತದೆಂದು ಹೊಂಗೆಯ ತಲೆ ಹಾರಿಸುವಾಗ, ಫಸಲು ಕಡಿಮೆಯಾಯಿತೆಂದು ಮುದಿ ಹುಣಸೆಯನ್ನು ಸೌದೆಗೆ ಮಾರುವಾಗ ಯಾರ ಮನಸ್ಸೂ ಅಳುಕುವುದಿಲ್ಲ. ಒಂದು ದೇವರು, ಇನ್ನೊಂದು ಸೌದೆ. ಆರೈಕೆ ಬೇಡುವ ಜೀವವೆಂದು ಮರವನ್ನು ಕಾಣುವ ನೋಟ ಈ ಎರಡರ ನಡುವೆ ಕಳೆದುಹೋಗಿದೆ. ಹಾಗಾಗಿ ಧರ್ಮದ ಪ್ರಶ್ನೆಯನ್ನು ನೇರವಾಗಿಯೇ ಕೇಳಬೇಕು: ಜೀವವಿರುವ ಮರಕ್ಕೆ ಗರಗಸ ಹಾಕುವುದು ಹಿಂಸೆಯೇ? ಹೌದಾದರೆ, ಕಡಿದದ್ದೆಲ್ಲ ಒಂದೇ ತೂಕದ ಪಾಪವೇ? ನನ್ನ ವಾದ ಇಷ್ಟು. ಮರದ ವಿಷಯದಲ್ಲಿ ಕೈಕಟ್ಟಿ ಕೂರುವುದು ಅಹಿಂಸೆಯಲ್ಲ. ಕತ್ತಿ ಎಲ್ಲಿ ಬೀಳುತ್ತದೆ, ಎಷ್ಟು ಬೀಳುತ್ತದೆ, ಯಾತಕ್ಕಾಗಿ ಬೀಳುತ್ತದೆ ಎಂಬುದರಲ್ಲಿ ಅಹಿಂಸೆಯಿದೆ. ಆದ ಗಾಯವನ್ನು ಮರ ತಾನೇ ಮುಚ್ಚಿಕೊಳ್ಳಬಲ್ಲದೇ ಎಂಬುದು ಅದರ ಅಳತೆ.

ನಮ್ಮ ಪರಂಪರೆ ಈ ಪ್ರಶ್ನೆಯನ್ನು ಹಗುರವಾಗಿ ಕಂಡಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಭರದ್ವಾಜನ ಸಂದೇಹಕ್ಕೆ ಉತ್ತರಿಸುವ ಭೃಗು, ಮರಗಳಿಗೆ ಸುಖದುಃಖಗಳು ತಾಕುತ್ತವೆ ಎನ್ನುತ್ತಾನೆ. ಕಡಿದದ್ದು ಮತ್ತೆ ಚಿಗುರುವುದನ್ನೇ ಅವು ಜಡವಲ್ಲ ಎಂಬುದಕ್ಕೆ ಸಾಕ್ಷಿಯಾಗಿ ತೋರಿಸುತ್ತಾನೆ. ಜೈನರು ಗಿಡಮರಗಳನ್ನು ಏಕೇಂದ್ರಿಯ ಜೀವಗಳೆಂದು ಎಣಿಸಿದರು. ಬೌದ್ಧ ವಿನಯ ನಿಯಮಗಳು ಭಿಕ್ಷುವಿಗೆ ಹಸಿರು ಗಿಡಮರ ಕಡಿಯುವುದನ್ನು ನಿಷೇಧಿಸಿದವು. ಮನುಸ್ಮೃತಿಯ 11ನೆಯ ಅಧ್ಯಾಯ, ಹಣ್ಣು ಕೊಡುವ ಮರ ಕಡಿದವನಿಗೆ ನೂರು ಋಕ್ಕುಗಳ ಜಪವನ್ನು ಪ್ರಾಯಶ್ಚಿತ್ತವಾಗಿ ವಿಧಿಸುತ್ತದೆ. ಸೌದೆಗೆಂದು ಹಸಿಮರ ಉರುಳಿಸುವುದನ್ನು ಉಪಪಾತಕಗಳ ಪಟ್ಟಿಗೆ ಸೇರಿಸುತ್ತದೆ. ಒಣಮರವನ್ನು ಆ ಪಟ್ಟಿಗೆ ಸೇರಿಸಿಲ್ಲ ಎಂಬುದನ್ನು ಗಮನಿಸಬೇಕು. ಇನ್ನೂ ಹಿಂದಿನ ವಿಧಿಯೊಂದಿದೆ. ಯಜ್ಞಕ್ಕಾಗಿ ಯೂಪಸ್ತಂಭದ ಮರ ಕಡಿಯುವಾಗ, ಮೊದಲ ಪೆಟ್ಟು ಬೀಳುವಲ್ಲಿ ದರ್ಭೆಯಿಟ್ಟು, ಇದನ್ನು ಹಿಂಸಿಸಬೇಡವೆಂದು ಕೊಡಲಿಯನ್ನೇ ಕೇಳಿಕೊಳ್ಳುತ್ತಾರೆ. ಮರ ಉರುಳಿದ ಮೇಲೆ ಉಳಿದ ಮೋಟಿನ ಮೇಲೆ ತುಪ್ಪದ ಆಹುತಿ ಹಾಕಿ, ಅದು ನೂರು ಕವಲಾಗಿ ಚಿಗುರಲೆಂದು ಪ್ರಾರ್ಥಿಸುತ್ತಾರೆ. ಕಡಿಯುವವರ ಆತ್ಮವಂಚನೆ ಇದು ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಆಗುತ್ತಿರುವ ನೋವನ್ನು ಒಪ್ಪಿಕೊಂಡು, ಮೋಟಿಗೂ ಮುಂದೆ ಬಾಳಿದೆ ಎಂದು ನೆನೆದವರ ಮಾತು ಅದು.

ಕಡಿಯುವುದಷ್ಟೇ ಅಲ್ಲ, ಕಡಿದು ಉಳಿಸುವುದನ್ನೂ ಹಳಬರು ಬಲ್ಲರು. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಭಾಗದಲ್ಲಿ ರೋಗ ಹತ್ತಿದ ಮರದ ಚಿಕಿತ್ಸೆಯನ್ನು ಹೇಳುವಾಗ ಮೊದಲು ಹೇಳುವುದು ಶಸ್ತ್ರದಿಂದ ಕೆಟ್ಟ ಭಾಗವನ್ನು ಶುದ್ಧಮಾಡುವುದನ್ನು. ವಾಯುವಿಳಂಗ, ತುಪ್ಪ, ಕೆಸರು ಬೆರೆಸಿದ ಲೇಪ ಆಮೇಲೆ. ಕನ್ನಡದಲ್ಲಿಯೂ 1025ರಷ್ಟು ಹಿಂದೆಯೇ ಚಾವುಂಡರಾಯನ ‘ಲೋಕೋಪಕಾರ’ ವೃಕ್ಷಾಯುರ್ವೇದಕ್ಕೆ ಜಾಗ ಕೊಟ್ಟಿದೆ. ಮರವನ್ನು ಪೂಜಿಸಿದ ನಾಡಿನಲ್ಲೇ ಮರಕ್ಕೆ ಶಸ್ತ್ರಚಿಕಿತ್ಸೆಯೂ ಇತ್ತು. ಭಕ್ತಿಗೂ ಕತ್ತಿಗೂ ಆಗುವುದಿಲ್ಲ ಎಂಬ ಈಗಿನ ಅಂಜಿಕೆಗೆ ಶಾಸ್ತ್ರದ ಆಧಾರ ನಾವು ತಿಳಿದಷ್ಟು ಗಟ್ಟಿಯಾಗಿಲ್ಲ.

ಆದರೆ ಹಳೆಯ ಗ್ರಂಥಗಳಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಪ್ರಶ್ನೆಯ ತಿರುಳು ಅದರಲ್ಲೇ ಇದೆ ಎಂದು ನನ್ನ ನಂಬಿಕೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ, ಗಾಯದ ಒಳಗೆ ಏನಾಗುತ್ತದೆ ಎಂದು ನೋಡಿದರು. 1970ರ ದಶಕದಲ್ಲಿ ಅವರು ಮುಂದಿಟ್ಟ ತಿಳಿವಳಿಕೆ ಇದು: ನಮ್ಮ ಮೈಯ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲ. ಕೆಟ್ಟ ಕಟ್ಟಿಗೆಯ ಜಾಗಕ್ಕೆ ಹೊಸ ಕಟ್ಟಿಗೆ ಬರುವುದಿಲ್ಲ. ಮರ ಆ ಭಾಗದ ಸುತ್ತ ಒಳಗೊಳಗೇ ಗೋಡೆ ಎಬ್ಬಿಸಿ, ಕೊಳೆತವನ್ನು ಅಲ್ಲಿಯೇ ತಡೆದು, ಅದರ ಹೊರಗೆ ಹೊಸದಾಗಿ ಬೆಳೆಯುತ್ತದೆ. ಅಂದರೆ ಒಮ್ಮೆ ಹಾಕಿದ ಪೆಟ್ಟು ಮರದ ಆಯುಷ್ಯ ಇರುವವರೆಗೆ ಅದರೊಳಗೆ ಉಳಿಯುತ್ತದೆ. ಕಡಿಯುವವನ ಹೊಣೆ ಎಷ್ಟು ದೊಡ್ಡದೆಂದು ಇದಕ್ಕಿಂತ ಚೆನ್ನಾಗಿ ಯಾವ ಪ್ರಾಯಶ್ಚಿತ್ತದ ಪಟ್ಟಿಯೂ ಹೇಳಲಾರದು.

ಆ ಹೊಣೆ ನಿಲ್ಲುವುದು ಬೆರಳಷ್ಟು ಅಗಲದ ಜಾಗದಲ್ಲಿ. ಮಾವಿನ ಕೊಂಬೆಯೊಂದು ಕಾಂಡವನ್ನು ಕೂಡುವಲ್ಲಿ ಕಣ್ಣಿಟ್ಟು ನೋಡಿ: ಬುಡದಲ್ಲಿ ತೊಗಟೆ ಸ್ವಲ್ಪ ಉಬ್ಬಿ, ಕೊಂಬೆಗೆ ಕೊರಳಪಟ್ಟಿ ಸುತ್ತಿದಂತೆ ಇರುತ್ತದೆ, ಮೇಲ್ಭಾಗದಲ್ಲಿ ತೊಗಟೆ ಸುಕ್ಕುಗಟ್ಟಿ ಒಂದು ಗೆರೆಯಾಗಿರುತ್ತದೆ. ಗಾಯ ಮುಚ್ಚುವ ಶಕ್ತಿ ಆ ಉಬ್ಬಿನಲ್ಲಿದೆ. ಕಾಂಡಕ್ಕೆ ಸಮವಾಗಿ ನುಣ್ಣಗೆ ಕೊಯ್ದರೆ ಉಬ್ಬು ಹೋಗಿ ಕಾಂಡಕ್ಕೇ ಗಾಯ. ದೂರದಲ್ಲಿ ಕೊಯ್ದು ಮೋಟು ಬಿಟ್ಟರೆ ಅದು ಒಣಗಿ, ಕೊಳೆತು, ಕೊಳೆಯನ್ನು ಒಳಕ್ಕೆ ಇಳಿಸುತ್ತದೆ. ಉಬ್ಬಿನ ಹೊರ ಅಂಚಿಗೆ ಸರಿಯಾಗಿ ಕೊಯ್ಯಬೇಕು. ಅದಕ್ಕೆ ಮುಂಚೆ, ಒಂದೆರಡು ಅಡಿ ಆಚೆ ಕೊಂಬೆಯ ಅಡಿಯಿಂದ ಸ್ವಲ್ಪ ಆಳಕ್ಕೆ ಗರಗಸ ಎಳೆದು, ಆಮೇಲೆ ಮೇಲಿನಿಂದ ಕೊಯ್ದು ಭಾರವನ್ನು ಇಳಿಸಬೇಕು. ಇಲ್ಲವಾದರೆ ಕೊಂಬೆ ತನ್ನ ತೂಕಕ್ಕೇ ಸಿಗಿದು ಕಾಂಡದ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡು ಬೀಳುತ್ತದೆ. ಕೆಲಸ ಸರಿಯಾಗಿತ್ತೇ ಎಂದು ಆಮೇಲೆ ಮರವೇ ತೋರಿಸುತ್ತದೆ: ಗಾಯದ ಸುತ್ತ ಎಲ್ಲ ಕಡೆಯಿಂದಲೂ ಉಂಗುರದಂತೆ ಹೊಸ ತೊಗಟೆ ಬಂದಿದ್ದರೆ ಸರಿ, ಎರಡು ಪಕ್ಕದಲ್ಲಿ ಮಾತ್ರ ಬಂದು ಮೇಲೆ ಕೆಳಗೆ ಬಾಯಿಬಿಟ್ಟಿದ್ದರೆ ಕೊಯ್ತ ತಪ್ಪಿತ್ತು. ಇನ್ನು ಪ್ರಮಾಣ. ಒಂದು ವರ್ಷದಲ್ಲಿ ಹಸಿರು ತಲೆಯ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದೆಂಬುದು ಈ ಕಸುಬಿನವರು ಪಾಲಿಸುವ ಮಿತಿ. ತಲೆಯನ್ನೇ ಹಾರಿಸಿದ ಹೊಂಗೆ ಮುಂದಿನ ಮಳೆಗೆ ಪೊದೆಯಂತೆ ಚಿಗುರುತ್ತದೆ, ನೋಡಿದವರು ಮರ ಚೇತರಿಸಿಕೊಂಡಿತು ಎನ್ನುತ್ತಾರೆ. ಅದು ಹಸಿವಿನ ಚಿಗುರು. ಆ ರೆಂಬೆಗಳ ಬುಡ ಗಟ್ಟಿಯಿರುವುದಿಲ್ಲ, ಗಾಳಿಗೆ ಮುರಿದುಬೀಳುವುದು ಅವೇ.

ಈ ಅಳತೆಯಲ್ಲಿ ನೋಡಿದರೆ ನಮ್ಮ ಭಕ್ತಿಯ ಲೆಕ್ಕ ತಲೆಕೆಳಗಾಗುತ್ತದೆ. ಅರಳಿಮರಕ್ಕೆ ಕತ್ತಿ ತಾಗಿಸದವರು ಅದರ ಬುಡದ ಸುತ್ತ ಕಾಂಡಕ್ಕೆ ಒತ್ತಿ ಸಿಮೆಂಟು ಹಾಕುತ್ತಾರೆ, ಬೋರ್ಡಿಗೆಂದು ಮೊಳೆ ಹೊಡೆಯುತ್ತಾರೆ, ಪೊಟರೆಯೊಳಗೆ ದೀಪ ಕರ್ಪೂರ ಹಚ್ಚುತ್ತಾರೆ. ಬೇರಿಗೆ ನೀರೂ ಗಾಳಿಯೂ ಸಿಗದೆ, ದಪ್ಪವಾಗುವ ಕಾಂಡಕ್ಕೆ ಜಾಗವಿಲ್ಲದೆ, ಪೊಟರೆಯ ಒಳಮೈ ಸುಟ್ಟು ಮರ ಸೊರಗುತ್ತದೆ. ಒಣಕೊಂಬೆಯೊಂದನ್ನು ತೆಗೆಯಲು ಹೆದರಿದ ಊರು ಇಡೀ ಮರವನ್ನು ನಿಧಾನವಾಗಿ ಕೊಲ್ಲುತ್ತದೆ, ಆ ಕೊಂಬೆ ಕಟ್ಟೆಯ ಮೇಲೆ ಕೂತವರ ತಲೆಯ ಮೇಲೆ ಬಿದ್ದರೂ ಬೀಳಬಹುದು. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಬದನಿಕೆಯ ಕತೆಯೂ ಇದೇ ಪಾಠ ಹೇಳುತ್ತದೆ. ಹಕ್ಕಿಯ ಹಿಕ್ಕೆಯ ಜೊತೆ ಅಂಟಿದ ಬೀಜ ಕೊಂಬೆಯ ಮೇಲೆ ಮೊಳೆತು, ತೊಗಟೆಯೊಳಗೆ ಬೇರಿಳಿಸಿ ಮರದ ನೀರನ್ನು ಹೀರುತ್ತದೆ. ಎಲೆ ಕಿತ್ತರೆ ಸಾಲದು. ಬೇರು ಇಳಿದ ಜಾಗಕ್ಕಿಂತ ಕೆಳಗೆ, ಹಸಿಕೊಂಬೆಯನ್ನೇ ಕೊಯ್ಯಬೇಕು. ಕೈ ಹಿಂಜರಿದಷ್ಟೂ ಮುಂದೆ ಹೆಚ್ಚು ಕೊಂಬೆ ಕಳೆದುಕೊಳ್ಳುವುದು ಮರವೇ.

ಇದಕ್ಕೆ ಬರುವ ಆಕ್ಷೇಪಗಳು ಸಣ್ಣವಲ್ಲ. ಮರಕ್ಕೆ ಮೆದುಳಿಲ್ಲ, ನರವಿಲ್ಲ, ನೋವೇ ಇಲ್ಲದ ಕಡೆ ಹಿಂಸೆ ಎಲ್ಲಿಂದ ಎಂದು ಕೆಲವರು ಕೇಳುತ್ತಾರೆ. ಮರ ನಮ್ಮಂತೆ ನೋಯುತ್ತದೆ ಎಂದು ಹೇಳಲು ವಿಜ್ಞಾನದ ಆಧಾರವಿಲ್ಲ, ಒಪ್ಪಿದೆ. ಆದರೆ ಕೇಡು ಎಂದರೆ ನೋವು ಮಾತ್ರವೇ? ಬೆಳೆಯುವ, ಗಾಯಕ್ಕೆ ಗೋಡೆ ಕಟ್ಟುವ, ಬೀಜ ಬಿಡುವ ಜೀವಕ್ಕೆ ಅದರದ್ದೇ ಆದ ಒಳಿತಿದೆ. ಅದನ್ನು ಕೆಡಿಸುವುದು ಕೇಡೇ. ಭೃಗುವಿನ ಮಾತಿನಲ್ಲಿ ಸುಖದುಃಖದ ಭಾಗವನ್ನು ಬಿಟ್ಟರೂ, ಕಡಿದದ್ದು ಚಿಗುರುತ್ತದೆ ಎಂಬ ಸಾಕ್ಷಿ ಹಾಗೆಯೇ ನಿಲ್ಲುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಆರೈಕೆಯ ಹೆಸರಿನಲ್ಲಿ ಕೊಡಲಿಗೆ ಧರ್ಮದ ಸಮ್ಮತಿ ಕೊಟ್ಟರೆ, ನಾಳೆ ಸೌದೆ ವ್ಯಾಪಾರಿಯೂ ಅದೇ ಮಾತನ್ನು ಹೇಳಿಕೊಂಡು ಬರುತ್ತಾನೆ, ಮೂಢ ಭಯವೇ ಆದರೂ ಊರಿನ ಅರಳಿಯನ್ನು ಇಷ್ಟು ಕಾಲ ಕಾದದ್ದು ಅದೇ ಅಲ್ಲವೇ? ಕಾದದ್ದು ನಿಜ, ಆ ಉಪಕಾರವನ್ನು ನಾನು ಕಡೆಗಣಿಸಲಾರೆ. ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಬಂದದ್ದು 1976ರಲ್ಲಿ; ಅದಕ್ಕೆ ಬಹಳ ಮುಂಚಿನಿಂದ ಕಟ್ಟೆಯ ಮರಗಳಿಗಿದ್ದ ಕಾವಲು ಭಕ್ತಿಯೊಂದೇ. ಆದರೆ ಆ ಭಯ ಕಾದದ್ದು ಕಟ್ಟೆಯ ಮರವನ್ನು ಮಾತ್ರ, ಗುಂಡುತೋಪಿನ ಹುಣಸೆಗೆ ಅದು ನೆರಳಾಗಲಿಲ್ಲ. ನಾನು ಹೇಳುವ ಅಳತೆ ವ್ಯಾಪಾರಿಗೆ ಸಡಿಲ ಬಿಡುವುದಿಲ್ಲ, ಇನ್ನಷ್ಟು ಬಿಗಿ ಮಾಡುತ್ತದೆ: ಯಾವ ಕೊಂಬೆ, ಯಾವ ಕಾರಣ, ಗಾಯ ಮುಚ್ಚೀತೇ ಎಂದು ಅವನು ಪ್ರತಿ ಕೊಯ್ತಕ್ಕೂ ಉತ್ತರ ಹೇಳಬೇಕು.

ಕಾಡಿನ ಮಾತು ಬೇರೆ. ದೇವರಾಯಸಮುದ್ರದ ಬಂಡೆಗುಡ್ಡಗಳಂಥ ಕಡೆ ಬೆಳೆಯುವ ಕುರುಚಲಿಗೆ ಯಾವ ವೈದ್ಯನೂ ಬೇಡ. ಅಲ್ಲಿ ಒಣಮರ ಮರಕುಟಿಗಕ್ಕೆ ಮನೆ, ಬಿದ್ದ ಕೊಂಬೆ ಮಣ್ಣಿಗೆ ಗೊಬ್ಬರ. ಬೆಂಕಿ, ಕೊಡಲಿ, ಅತಿಯಾದ ಮೇವು ಇವುಗಳಿಂದ ಕಾಪಾಡಿದರೆ ಸಾಕು. ನಾವು ಮರವನ್ನು ರಸ್ತೆ, ಮನೆ, ಗುಡಿ, ತೋಪಿನ ಪಕ್ಕಕ್ಕೆ ತಂದು ನಿಲ್ಲಿಸಿದಲ್ಲಿ ಮಾತ್ರ ಆರೈಕೆಯ ಋಣ ಹುಟ್ಟುತ್ತದೆ.

ಪಾಪದ ವಿಷಯದಲ್ಲಿ ಇನ್ನೊಂದು ಅನ್ಯಾಯವಿದೆ. ಅರಳಿಯ ಕೊಂಬೆ ತೆಗೆಯಲೇಬೇಕಾಗಿ ಬಂದಾಗ, ಊರಿನವರು ತಾವು ಮುಟ್ಟದೆ ಬಡ ಕೂಲಿಯವನೊಬ್ಬನನ್ನು ಹತ್ತಿಸುತ್ತಾರೆ. ಪಾಪ ಅವನಿಗೆ, ನೆರಳು ತಮಗೆ. ಅವನಿಗೆ ಹಗ್ಗವಿಲ್ಲ, ತಲೆಗೆ ಹೆಲ್ಮೆಟ್ಟಿಲ್ಲ, ಪಕ್ಕದ ತಂತಿಯಲ್ಲಿ ಕರೆಂಟು ನಿಲ್ಲಿಸುವಂತೆ ಬೆಸ್ಕಾಂಗೆ ಹೇಳಿದವರೂ ಇಲ್ಲ. ಕಡಿತದಲ್ಲಿ ದೋಷವಿದ್ದರೆ ಅದು ಕಡಿಸಿದವರದು. ಆ ದೋಷವನ್ನು ಕೂಲಿಯವನ ತಲೆಗೆ ಕಟ್ಟುವುದು ಮರಕ್ಕೆ ಮಾಡಿದ ಹಿಂಸೆಗಿಂತ ದೊಡ್ಡ ಹಿಂಸೆ.

ದೇವಸ್ಥಾನ ಸಮಿತಿಗಳಿಗೂ ಗ್ರಾಮ ಪಂಚಾಯಿತಿಗಳಿಗೂ ನನ್ನ ಕೋರಿಕೆ ಇದು. ಕಟ್ಟೆಯ ಸಿಮೆಂಟನ್ನು ಕಾಂಡದಿಂದ ನಾಲ್ಕಾರು ಅಡಿ ಹಿಂದಕ್ಕೆ ಒಡೆಸಿ ಮಣ್ಣು ಕಾಣುವಂತೆ ಮಾಡಿ. ದೀಪವನ್ನು ಪೊಟರೆಯಿಂದ ನಾಗರಕಲ್ಲಿನ ಮುಂದಕ್ಕೆ ತನ್ನಿ. ಒಣಕೊಂಬೆಗೆ ಪೂಜೆ ಮಾಡಿಯೇ ಕೈಹಾಕುವುದಾದರೆ ಮಾಡಿ, ಆದರೆ ಕೈಹಾಕಿ. ಕೆಲಸ ಬಲ್ಲವನನ್ನು ಕರೆದು, ಸರಿಯಾದ ಕೂಲಿ ಕೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಸಿ, ಅವನು ಮರದಿಂದ ಇಳಿಯುವವರೆಗೆ ಸಮಿತಿಯವರೊಬ್ಬರು ಕೆಳಗೆ ನಿಂತಿರಿ.