ರಬ್ಬರು ಹಿಡಿದ ಕೈ

ಕೆಲವು ವರ್ಷಗಳ ಹಿಂದಿನ ಮಾತು. ತಾಲ್ಲೂಕು ಮಟ್ಟದ ಸ್ಪರ್ಧೆಯೊಂದಕ್ಕೆ ಶಾಲೆಯಿಂದ ಚಿತ್ರ ಕಳಿಸಬೇಕಾಗಿತ್ತು. ವಿಷಯ ‘ನಮ್ಮ ಮನೆ’. ಆರನೇ ತರಗತಿಯ ಹುಡುಗಿಯೊಬ್ಬಳು ಬರೆದ ಚಿತ್ರದಲ್ಲಿ ಅಮ್ಮ ಮನೆಗಿಂತ ದೊಡ್ಡವಳಾಗಿದ್ದಳು. ತಲೆ ಹೆಂಚು ದಾಟಿ ಮೇಲೆ ಹೋಗಿತ್ತು. “ಇಷ್ಟು ದೊಡ್ಡ ಅಮ್ಮ ಬಾಗಿಲಲ್ಲಿ ಹೇಗೆ ಹೋಗ್ತಾಳೆ?” ಎಂದು ನಕ್ಕು, ರಬ್ಬರು ತೆಗೆದುಕೊಂಡು ನಾನೇ ತಿದ್ದಿದೆ. ಎರಡನೆಯ ಬಹುಮಾನ ಬಂತು. ಮರುದಿನ ಅವಳು ಬಹುಮಾನದ ಕಂಪಾಸು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, “ಮಿಸ್, ಇದು ನಿಮ್ದು” ಎಂದಳು. ಸಿಟ್ಟಿನಿಂದಲ್ಲ, ಯಾರೋ ಮರೆತುಹೋದ ಕೊಡೆಯನ್ನು ಹಿಂದಿರುಗಿಸುವಂತೆ.

ಅವಳ ಒಳ್ಳೆಯದಕ್ಕೇ ಮಾಡಿದೆನೆಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆಯ ಬಗ್ಗೆ ಓದಿದ ಮೇಲೆ ಆ ಸಮಾಧಾನವೂ ಉಳಿಯಲಿಲ್ಲ.

ಆಕೆ 1898ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು. ಜರ್ಮನಿಯ ಹೆಸರಾಂತ ಬೌಹೌಸ್ ಕಲಾಶಾಲೆಯಲ್ಲಿ ಕಲಿತವರು. 1942ರ ಡಿಸೆಂಬರಿನಲ್ಲಿ ನಾಜಿಗಳು ಆಕೆಯನ್ನು ಪ್ರಾಗ್ ಹತ್ತಿರದ ಟೆರೆಜಿನ್ ಎಂಬ ಕೋಟೆಯೂರಿನ ಬಂದೀಖಾನೆಗೆ ಸಾಗಿಸಿದರು. ಹಸಿವು, ಕಾಯಿಲೆ, ನಾಳೆ ಯಾರ ಸರದಿಯೋ ಎಂಬ ಭಯ. ಅಂಥಲ್ಲಿ ಆಕೆ ಮಕ್ಕಳನ್ನು ಕೂಡಿಸಿಕೊಂಡು ಚಿತ್ರ ಬರೆಸಿದರು. ಹಾಳೆ ಸಿಗದಾಗ ಬಳಸಿದ ಕಾಗದದ ಹಿಂಬದಿಯೇ ಹಾಳೆಯಾಯಿತು. ಎಲ್ಲರನ್ನೂ ಕಲಾವಿದರನ್ನಾಗಿ ಮಾಡುವುದು ಆಕೆಯ ಗುರಿಯಾಗಿರಲಿಲ್ಲ. ಮಗುವಿನ ಕಲ್ಪನೆ, ನೋಡುವ ಶಕ್ತಿ, ತನ್ನ ಕಾಲ ಮೇಲೆ ತಾನು ನಿಲ್ಲುವ ಧೈರ್ಯ ಇವು ಎಚ್ಚರವಾದರೆ ಸಾಕಾಗಿತ್ತು. ಒಂದು ಮಾತು ಮಾತ್ರ ಕಡ್ಡಾಯ: ಬರೆದ ಚಿತ್ರದ ಮೇಲೆ ಮಗು ತನ್ನ ಹೆಸರು ಬರೆಯಬೇಕು.

ಹಾಗಾದರೆ ಗುರುವಿಗೆ ಕೆಲಸವೇ ಇಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆಕೆಯೇನೂ ಸುಮ್ಮನೆ ಕೂರಲಿಲ್ಲ. ಗೆರೆಯ ಲಯಕ್ಕೆ ಅಭ್ಯಾಸ ಮಾಡಿಸಿದರು, ಹಿರಿಯ ಕಲಾವಿದರ ಚಿತ್ರಗಳನ್ನು ನೋಡಲು ಕಲಿಸಿದರು. ಕುಂಚ ಹಿಡಿಯುವುದನ್ನು ನಾವು ಕಲಿಸಲೇಬೇಕು. ಅಮ್ಮ ಎಷ್ಟು ದೊಡ್ಡವಳು ಎನ್ನುವುದು ಮಾತ್ರ ಮಗುವಿಗೆ ಗೊತ್ತಿರುವ ಸಂಗತಿ. ಅದನ್ನು ಅಳೆಯಲು ನಾನು ಯಾರು?

ಇದು ಶಾಲೆಯ ಮಾತಷ್ಟೇ ಅಲ್ಲ. ಮಗಳು ಲಟ್ಟಿಸಿದ ಚಪಾತಿ ದುಂಡಗಿಲ್ಲವೆಂದು ಲಟ್ಟಣಿಗೆ ಕಿತ್ತುಕೊಳ್ಳುವವರು ನಾವೇ. ಅಂಗಳದಲ್ಲಿ ಅವಳಿಟ್ಟ ರಂಗೋಲಿಯ ಎಳೆ ಸೊಟ್ಟಗಾಯಿತೆಂದು ಅಳಿಸಿ ಮತ್ತೆ ಇಡುವವರೂ ನಾವೇ. ಪ್ರೀತಿಯಿಂದಲೇ ಮಾಡುತ್ತೇವೆ, ನಿಜ. ಆದರೆ ಆ ಪ್ರೀತಿಯೊಳಗೆ ನೋಡಿದವರು ಏನಂದಾರೋ ಎಂಬ ಅಳುಕು ಎಷ್ಟು ಬೆರೆತಿದೆಯೆಂದು ಕೇಳಿಕೊಳ್ಳುವುದಿಲ್ಲ. ನನ್ನ ರಬ್ಬರಿನ ಹಿಂದೆ ಇದ್ದದ್ದು ಹುಡುಗಿಯ ಹಿತವೋ, ಶಾಲೆಗೆ ಬರಬೇಕಾಗಿದ್ದ ಬಹುಮಾನವೋ?

1944ರ ಅಕ್ಟೋಬರಿನಲ್ಲಿ ಫ್ರೀಡ್ಲ್ ಅವರನ್ನು ಆಶ್ವಿಟ್ಜ್‌ಗೆ ಸಾಗಿಸಿ ಕೊಂದರು. ಹೋಗುವ ಮುನ್ನ ಮಕ್ಕಳ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ತುಂಬಿ ಬಚ್ಚಿಟ್ಟಿದ್ದರು. ಯುದ್ಧ ಮುಗಿದ ಮೇಲೆ ಅವು ಪ್ರಾಗ್ ಸೇರಿದವು. ಇಂದು ಅಲ್ಲಿನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಬರೆದ ಮಕ್ಕಳಲ್ಲಿ ಬಹುಪಾಲು ಬದುಕಿ ಬರಲಿಲ್ಲ. ಅವರ ಕೈಯ ಗೆರೆ, ಅವರೇ ಬರೆದ ಹೆಸರು ಉಳಿದಿವೆ. ಯಾರಾದರೂ ‘ಚೆಂದಕ್ಕೆ’ ತಿದ್ದಿದ್ದರೆ ಅಲ್ಲಿ ಇಂದು ಯಾರು ಉಳಿದಿರುತ್ತಿದ್ದರು?

ಆ ಬಹುಮಾನದ ಚಿತ್ರ ನಮ್ಮ ಆಫೀಸು ಕೋಣೆಯಲ್ಲಿ ಕಟ್ಟು ಹಾಕಿಸಿಕೊಂಡು ಈಗಲೂ ಇದೆ. ಕೆಳಗೆ ಹುಡುಗಿಯ ಹೆಸರು. ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ದಿನವೂ ಕಣ್ಣಿಗೆ ಬೀಳುತ್ತದೆ. ಬಾಗಿಲಿಗಿಂತ ಚಿಕ್ಕವಳಾಗಿ, ಅಚ್ಚುಕಟ್ಟಾಗಿ ನಿಂತಿದ್ದಾಳೆ ಅಮ್ಮ.